ನಿತ್ಯ ಉಡಲು ನಮ್ಮ ನೇಯ್ಗೆಯ ಬಟ್ಟೆಗಳು: ಯಾವುದನ್ನು ಕೊಳ್ಳಬೇಕು, ಏನನ್ನು ಕೇಳಿ ಕೊಳ್ಳಬೇಕು?

ಹತ್ತಿಹೂವು, ಜಯನಗರ

ಎಲ್ಲರಿಗೂ ನಮಸ್ಕಾರ. ಹೊರವರ್ತುಲ ರಸ್ತೆಯ ಕಚೇರಿಯೊಂದರಲ್ಲಿ ಹನ್ನೆರಡು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಕಳೆದ ತಿಂಗಳು ಮನೆಗೆ ಸುಣ್ಣಬಣ್ಣ ಮಾಡಿಸುವ ಸಲುವಾಗಿ ಬೀರುವನ್ನು ಪೂರ್ತಿ ಬರಿದು ಮಾಡಿದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ವಾರದ ಐದು ದಿನ ನಾನು ತೊಡುವುದೆಲ್ಲ ಪಾಲಿಯೆಸ್ಟರ್ ಬೆರೆತ ಕುರ್ತಾಗಳು. ನಮ್ಮ ನೇಯ್ಗೆಯದೆಂದು ಹೇಳಿಕೊಳ್ಳಬಹುದಾದದ್ದೆಲ್ಲ ಮೇಲಿನ ಅರೆಯಲ್ಲಿ ಹಳೆಯ ಪಂಚೆಯೊಳಗೆ ಸುತ್ತಿಕೊಂಡು ಮುಂದಿನ ಮದುವೆಗೋ ಗೃಹಪ್ರವೇಶಕ್ಕೋ ಕಾಯುತ್ತಿದೆ. ಇದನ್ನು ತಲೆಕೆಳಗು ಮಾಡಬೇಕೆಂದು ನಿರ್ಧರಿಸಿದ್ದೇನೆ.

ಆದರೆ ಎರಡು ಸಲ ಕೈ ಸುಟ್ಟುಕೊಂಡ ಮೇಲೆ ಅಂಗಡಿಗೆ ಹೋಗಲು ಹಿಂಜರಿಕೆಯಾಗುತ್ತಿದೆ. ಕಳೆದ ದಸರೆಗೆ ನಗರದ ಮಳಿಗೆಯೊಂದರಲ್ಲಿ ‘ಶುದ್ಧ ರೇಷ್ಮೆಯ ಇಳಕಲ್’ ಎಂದು ಕೊಟ್ಟ ಸೀರೆ ಎರಡು ಒಗೆತಕ್ಕೆ ಹೊಳಪು ಕಳೆದುಕೊಂಡು ಜುಂಗುಜುಂಗಾಯಿತು. ಊರಿನಿಂದ ಬಂದಿದ್ದ ನಾದಿನಿ ಅದನ್ನು ಬೆರಳಿನಲ್ಲಿ ಉಜ್ಜಿ ನೋಡಿ, ಅದರ ಒಡಲು ಆರ್ಟ್ ಸಿಲ್ಕ್, ಎಂದರೆ ಕೃತಕ ರೇಷ್ಮೆ ಎಂದು ಒಂದೇ ಮಾತಿನಲ್ಲಿ ಹೇಳಿಬಿಟ್ಟರು. ಇನ್ನೊಮ್ಮೆ, ನೈಸರ್ಗಿಕ ನೀಲಿಯದೆಂದು ಕೊಂಡ ಕುರ್ತಾ ಕಚೇರಿಯ ತಿಳಿಬಣ್ಣದ ಕುರ್ಚಿಗೆ ತನ್ನ ಗುರುತನ್ನು ಬಿಟ್ಟುಬಂತು.

ಸ್ಕೂಟರಿನಲ್ಲಿ ಮೆಟ್ರೊ ನಿಲ್ದಾಣದವರೆಗೆ, ಅಲ್ಲಿಂದ ರೈಲಿನಲ್ಲಿ, ಆಮೇಲೆ ನಡಿಗೆ. ಇದು ನನ್ನ ದಿನಚರಿ. ಒಗೆತ ಮನೆಯಲ್ಲೇ ಆಗಬೇಕು. ಎಂಟು ಹತ್ತು ಬಟ್ಟೆಗಳಿಂದ ಆರಂಭಿಸಬೇಕೆಂದಿದ್ದರೆ ಯಾವುವನ್ನು ಆರಿಸಿಕೊಳ್ಳಬಹುದು? ನನ್ನ ಯಜಮಾನರ ಅಂಗಿಗಳಿಗೂ ಒಂದೆರಡು ಸಲಹೆ ಸಿಕ್ಕಿದರೆ ಉಪಕಾರವಾಗುತ್ತದೆ.

ವಾರಾಂತ್ಯದ ಅಲೆಮಾರಿ, ಹೆಬ್ಬಾಳ

ಮೇಡಂ, ಸುಲಭದ ದಾರಿಯೆಂದರೆ ಊರಿಗೊಂದರಂತೆ ಕೊಳ್ಳುವುದು. ಇಳಕಲ್, ಮೊಳಕಾಲ್ಮೂರು, ಮೈಸೂರು ಸಿಲ್ಕ್, ಕಂಚಿ, ಪೋಚಂಪಳ್ಳಿಯ ಇಕ್ಕತ್, ಮಧ್ಯಪ್ರದೇಶದ ಚಂದೇರಿ, ಕಚ್ಛದ ಅಜ್ರಕ್, ಕಾಳಹಸ್ತಿಯ ಕಲಂಕಾರಿ, ಬಂಗಾಳದ ಜಾಮ್ದಾನಿ. ಒಂಬತ್ತಾಯಿತು. ನನ್ನ ಹೆಂಡತಿ ಹೀಗೆಯೇ ಸಂಗ್ರಹಿಸಿದ್ದಾಳೆ. ಬೀರು ತೆರೆದರೆ ಭಾರತದ ಭೂಪಟವನ್ನೇ ಬಿಡಿಸಿಟ್ಟಂತಿರುತ್ತದೆ.

ಲಾಳಿ, ಕಬ್ಬನ್‌ಪೇಟೆ

ಅಲೆಮಾರಿಯವರ ಪಟ್ಟಿಯಲ್ಲಿ ತಪ್ಪೇನೂ ಇಲ್ಲ, ಆದರೆ ಹತ್ತಿಹೂವು ಅವರು ಮೋಸಹೋದದ್ದು ಇಂತಹ ಪಟ್ಟಿಗಳ ದೆಸೆಯಿಂದಲೇ ಎಂದು ನನಗನ್ನಿಸುತ್ತದೆ. ಊರಿನ ಹೆಸರು ಸೀರೆಯ ವಿನ್ಯಾಸವನ್ನು ತಿಳಿಸುತ್ತದೆಯೇ ಹೊರತು ಬಟ್ಟೆಯ ಗುಣವನ್ನಲ್ಲ. ನಮ್ಮ ತಾತನ ಕಾಲಕ್ಕೆ ಕಬ್ಬನ್‌ಪೇಟೆಯ ನಮ್ಮ ನಡುಮನೆಯಲ್ಲಿ ಎರಡು ಗುಂಡಿಮಗ್ಗಗಳಿದ್ದವು. ಬಂದ ವ್ಯಾಪಾರಿ ‘ಇದು ಯಾವ ಊರಿನ ಸೀರೆ’ ಎಂದು ಕೇಳುತ್ತಿರಲಿಲ್ಲ. ಸೆರಗಿನ ತುದಿಯಿಂದ ಒಂದೆಳೆ ಬಿಡಿಸಿ, ಹಾಸು ಯಾವುದು, ಹೊಕ್ಕು ಯಾವುದು ಎಂದು ಕೇಳುತ್ತಿದ್ದ. ನೀವೂ ಅದನ್ನೇ ಕೇಳಿ. ಉದ್ದಕ್ಕೆ ಹಾಯುವ ಹಾಸಿನ ನೂಲು ಯಾವುದು, ಅಡ್ಡಕ್ಕೆ ಲಾಳಿಯಲ್ಲಿ ಹೋಗುವ ಹೊಕ್ಕಿನ ನೂಲು ಯಾವುದು, ನೇಯ್ದ ಮಗ್ಗ ಯಾವುದು, ಬಣ್ಣ ಕೊಟ್ಟದ್ದು ನೂಲಿಗೋ ನೇಯ್ದ ಬಟ್ಟೆಗೋ. ಈ ನಾಲ್ಕಕ್ಕೆ ಉತ್ತರ ಸಿಕ್ಕಿದರೆ ಆ ಬಟ್ಟೆ ನಿಮ್ಮ ಮೈಮೇಲೆ ಹೇಗೆ ಕೂರುತ್ತದೆ, ಹೇಗೆ ಒಗೆಯಬೇಕು, ಬೆಲೆ ನ್ಯಾಯವೇ ಎನ್ನುವುದೆಲ್ಲ ತಾನಾಗಿ ತಿಳಿಯುತ್ತದೆ.

ನಿಮ್ಮ ಇಳಕಲ್ಲನ್ನೇ ತೆಗೆದುಕೊಳ್ಳಿ. ಹತ್ತಿಗೆ ಹತ್ತಿ ನೇಯ್ದರೂ ಅದು ಇಳಕಲ್ ಸೀರೆಯೇ, ರೇಷ್ಮೆಯ ಹಾಸಿನಲ್ಲಿ ಹತ್ತಿಯ ಹೊಕ್ಕು ಕೊಟ್ಟರೂ ಇಳಕಲ್ಲೇ, ರೇಷ್ಮೆಗೆ ರೇಷ್ಮೆಯಾದರೂ, ಆರ್ಟ್ ಸಿಲ್ಕ್ ಎನ್ನುವ ರೇಯಾನ್ ಆದರೂ ಇಳಕಲ್ಲೇ. ಅಂಚೂ ಸೆರಗೂ ಒಂದೇ ಮಾದರಿಯವಾಗಿರುವುದರಿಂದ ದೂರದಿಂದ ನಾಲ್ಕೂ ಒಂದೇ ತೆರನಾಗಿ ಕಾಣುತ್ತವೆ. ಆರ್ಟ್ ಸಿಲ್ಕ್ ಇಳಕಲ್ ಮಾರುವುದು ಮೋಸವಲ್ಲ, ಅದನ್ನು ರೇಷ್ಮೆಯೆಂದು ಹೇಳಿ ಮಾರಿದ್ದು ಮೋಸ.

ಹಾಸುಹೊಕ್ಕಿನ ಲೆಕ್ಕ ಎಷ್ಟು ಸೂಕ್ಷ್ಮವಾಗಿರಬಲ್ಲದೆಂದು ತೋರಿಸಲು ನನಗೆ ಮಶ್ರು ಬಟ್ಟೆಯಷ್ಟು ಒಳ್ಳೆಯ ಉದಾಹರಣೆ ಬೇರೆ ಗೊತ್ತಿಲ್ಲ. ಗುಜರಾತಿನ ಈ ಬಟ್ಟೆಯಲ್ಲಿ ಹಾಸು ರೇಷ್ಮೆ, ಹೊಕ್ಕು ಹತ್ತಿ. ಸ್ಯಾಟಿನ್ ನೇಯ್ಗೆಯಾದ್ದರಿಂದ ರೇಷ್ಮೆಯೆಲ್ಲ ಹೊರಮೈಗೆ ಬಂದು ಹತ್ತಿ ಒಳಗೆ ಉಳಿಯುತ್ತದೆ. ಮೈಗೆ ರೇಷ್ಮೆ ತಾಕಬಾರದೆಂಬ ಧಾರ್ಮಿಕ ಕಟ್ಟುಪಾಡಿದ್ದ ಮುಸ್ಲಿಂ ಗಿರಾಕಿಗಳಿಗಾಗಿ ನೇಕಾರರು ಕಂಡುಕೊಂಡ ಉಪಾಯವಿದು. ನೋಡುವವರಿಗೆ ರೇಷ್ಮೆ, ತೊಟ್ಟವರಿಗೆ ಹತ್ತಿ!

ಇನ್ನು ಹತ್ತಿಯಲ್ಲಿ ‘ಕೌಂಟ್’ ಎನ್ನುವ ಸಂಖ್ಯೆಯನ್ನು ವಿಚಾರಿಸಿ. 840 ಗಜ ಉದ್ದದ ನೂಲಿನ ಲಡಿಗಳು ಎಷ್ಟಾದರೆ ಒಂದು ಪೌಂಡ್ ತೂಗುತ್ತವೆಯೋ ಅದೇ ಆ ನೂಲಿನ ಕೌಂಟು. 40 ಕೌಂಟಿನ ನೂಲು ದಪ್ಪ, 80ರದ್ದು ನಯ, 100ರದ್ದು ಇನ್ನೂ ನಯ. ಸಂಖ್ಯೆ ಏರಿದಂತೆ ಬೆಲೆಯೂ ಏರುತ್ತದೆ, ನಿತ್ಯದ ಉಡಿಗೆಯಲ್ಲಿ ಬಾಳಿಕೆ ಇಳಿಯುತ್ತದೆ. ಸ್ಕೂಟರ್ ಮೇಲೆ ಕೂತು ಏಳುವವರು ಕುರ್ತಾಕ್ಕಾಗಿ 100 ಕೌಂಟಿನ ಬೆನ್ನು ಹತ್ತುವುದು ಬೇಡ.

ಬಾಗಲಕೋಟೆಯವಳು, ವಿಜಯನಗರ

ಲಾಳಿಯವರು ಇಳಕಲ್ಲಿನ ಮಾತೆತ್ತಿದ್ದರಿಂದ ಅಲ್ಲಿಯವಳಾದ ನಾನು ಸುಮ್ಮನಿರಲಾರೆ. ಅಕ್ಕಾ, ನೀವು ಒಮ್ಮೆ ಸುಟ್ಟುಕೊಂಡಿರೆಂದು ಇಳಕಲ್ಲನ್ನು ಕೈಬಿಡಬೇಡಿ. ಬೆಂಗಳೂರಿನ ಹವೆಗೆ ಹತ್ತಿಗೆ ಹತ್ತಿ ನೇಯ್ದ ಇಳಕಲ್ಲಿನಷ್ಟು ಹೊಂದುವ ಸೀರೆ ವಿರಳ. ಮೇ ತಿಂಗಳಲ್ಲಿ ಬೆವರು ಹೀರುತ್ತದೆ, ಡಿಸೆಂಬರಿನ ಬೆಳಗಿನಲ್ಲಿ ಮೈ ಬೆಚ್ಚಗಿಡುವಷ್ಟು ಗಟ್ಟಿಯೂ ಇರುತ್ತದೆ.

ನಿಜವಾದ ಕೈಮಗ್ಗದ ಇಳಕಲ್ಲನ್ನು ಗುರುತಿಸುವ ಜಾಗ ಒಡಲಲ್ಲ, ಒಡಲು ಮುಗಿದು ಸೆರಗು ಆರಂಭವಾಗುವ ಗೆರೆ. ನಮ್ಮಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಕೆಂಪು ರೇಷ್ಮೆಯ ಹಾಸು ಬೇರೆ. ಒಡಲಿನ ಪ್ರತಿ ಎಳೆಯ ತುದಿಗೆ ಸೆರಗಿನ ಎಳೆಯನ್ನು ಕುಣಿಕೆ ಹಾಕಿ ಸಿಕ್ಕಿಸುತ್ತಾರೆ. ಇದನ್ನೇ ತೋಪು ತೆನಿ ಸೆರಗು ಎನ್ನುವುದು. ಸಾವಿರಾರು ಎಳೆಗಳನ್ನು ಹೀಗೆ ಒಂದಕ್ಕೊಂದು ಕೊಂಡಿ ಹಾಕುವ ಕೆಲಸ ಬಹುತೇಕ ಮನೆಯ ಹೆಂಗಸರದು, ಮತ್ತು ಅದನ್ನು ಪ್ರತಿ ಸೀರೆಗೂ ಹೊಸದಾಗಿ ಮಾಡಬೇಕು. ಸೀರೆಯನ್ನು ಬೆಳಕಿಗೆ ಹಿಡಿದು ಆ ಗೆರೆಯ ಮೇಲೆ ಬೆರಳಾಡಿಸಿದರೆ ಕೊಂಡಿಗಳ ಸಣ್ಣ ಉಬ್ಬು ತಾಕುತ್ತದೆ. ಒಂದೇ ಹಾಸಿನಲ್ಲಿ ನೇಯ್ದು ಹೊಕ್ಕಿನ ಬಣ್ಣವನ್ನಷ್ಟೇ ಬದಲಿಸಿದ ಸೀರೆಯಲ್ಲಿ ಆ ಉಬ್ಬು ಇರುವುದಿಲ್ಲ, ಸೆರಗಿನ ಕೆಂಪಿನಲ್ಲಿ ಒಡಲಿನ ಬಣ್ಣವೂ ಬೆರೆತು ಮಂಕಾಗಿ ಕಾಣುತ್ತದೆ.

ಸೆರಗಿನಲ್ಲಿ ಬಿಳಿಯ ರೇಷ್ಮೆಯಲ್ಲಿ ಮೂಡಿದ ಹಣಿಗೆ, ಕೋಟಿ ಕಮ್ಮಳಿ (ಕೋಟೆಯ ಗೋಡೆಯ ತುದಿಯಂತಹ ಮಾದರಿ), ಜೋಳದ ತೆನೆಯ ಸಾಲುಗಳನ್ನು ನೋಡಿ. ಅಂಚಿನಲ್ಲಿ ಗೋಮಿ, ಗಾಡಿ, ಪರಾಸ್‌ಪೇಟಿ ಎಂಬ ಹೆಸರಿನ ಮಾದರಿಗಳಿವೆ. ಹೆಸರು ಹಿಡಿದು ಕೇಳಿದರೆ ಅಂಗಡಿಯವರು ನಿಮ್ಮನ್ನು ಸ್ವಲ್ಪ ಜಾಗರೂಕತೆಯಿಂದ ನಡೆಸಿಕೊಳ್ಳುತ್ತಾರೆ, ಇದು ನನ್ನ ಅನುಭವ. ಇಳಕಲ್ಲಿನ ಜೊತೆಗೆ ಗುಳೇದಗುಡ್ಡದ ಖಣದ ರವಿಕೆಯನ್ನು ಮರೆಯಬೇಡಿ. ಈಗಂತೂ ಖಣದಲ್ಲಿ ಕುರ್ತಾ, ಜಾಕೀಟು, ಚೀಲ ಎಲ್ಲವನ್ನೂ ಹೊಲಿಸುತ್ತಾರೆ. ಆದರೆ ಖಣ ರವಿಕೆಗೆಂದೇ ನೇಯುತ್ತಿದ್ದ ಬಟ್ಟೆಯಾದ್ದರಿಂದ ಸಾಂಪ್ರದಾಯಿಕ ಪನ್ನ (ಅಗಲ) ಕಡಿಮೆ. ಕುರ್ತಾಕ್ಕೆ ಎಷ್ಟು ಬೇಕೆಂದು ದರ್ಜಿಯನ್ನು ಕೇಳಿಯೇ ಕೊಳ್ಳಿ.

ಕಸೂತಿಯ ಬಗ್ಗೆ ಒಂದು ಮಾತು. ಗವಂತಿ, ಮುರಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಲ್ಲಿ ಗವಂತಿ ಮತ್ತು ಮುರಗಿ ಬಟ್ಟೆಯ ಎರಡೂ ಬದಿಯಲ್ಲಿ ಒಂದೇ ರೀತಿ ಕಾಣಬೇಕು, ಹಿಂಬದಿಯಲ್ಲಿ ಗಂಟು ಇರಬಾರದು. ‘ಕೈಕಸೂತಿ’ ಎಂದು ತೋರಿಸಿದ ಸೀರೆಯನ್ನು ಮಗುಚಿದಾಗ ದಾರಗಳ ಗೋಜಲೋ ಬಿಳಿಯ ಕಾಗದದಂತಹ ಪಟ್ಟಿಯೋ ಕಂಡರೆ ಅದು ಯಂತ್ರದ ಕೆಲಸ.

ಸರಳರೇಖೆ, ರಾಜಾಜಿನಗರ

ಎಲ್ಲರ ಮಾತೂ ಕೈಮಗ್ಗವೇ ಅಸಲಿ, ಉಳಿದದ್ದು ನಕಲಿ ಎನ್ನುವ ದಿಕ್ಕಿಗೆ ಹೊರಳುತ್ತಿದೆ. ನಮ್ಮ ಬಂಧುಗಳು ದೊಡ್ಡಬಳ್ಳಾಪುರದಲ್ಲಿ ವಿದ್ಯುತ್ ಮಗ್ಗ ಇಟ್ಟುಕೊಂಡು ಮೂರು ತಲೆಮಾರಿನಿಂದ ಬದುಕುತ್ತಿದ್ದಾರೆ. ಅವರದೂ ದುಡಿಮೆಯೇ, ಅವರೂ ನೇಕಾರರೇ. ತಿಂಗಳಿಗೆ ಇಷ್ಟೇ ಖರ್ಚು ಮಾಡಬಲ್ಲ ಮನೆಗೆ ವಿದ್ಯುತ್ ಮಗ್ಗದ ಒಳ್ಳೆಯ ಹತ್ತಿ ಬಟ್ಟೆಯನ್ನು ಬೇಡವೆನ್ನಲು ಕಾರಣವೇನು?

ಲಾಳಿ, ಕಬ್ಬನ್‌ಪೇಟೆ

ಸರಳರೇಖೆಯವರೇ, ನಿಮ್ಮ ಆಕ್ಷೇಪವನ್ನು ಒಪ್ಪುತ್ತೇನೆ. ಈ ರಾಜ್ಯದ ಅತ್ಯಂತ ಹೆಸರಾದ ಸೀರೆಯೇ ನಿಮ್ಮ ಪರವಾಗಿ ಸಾಕ್ಷಿ ಹೇಳುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಮೈಸೂರಿನಲ್ಲಿ ಆರಂಭವಾದ ರೇಷ್ಮೆ ಕಾರ್ಖಾನೆಗೆ ಸ್ವಿಟ್ಜರ್ಲೆಂಡಿನಿಂದ ವಿದ್ಯುತ್ ಮಗ್ಗಗಳನ್ನು ತರಿಸಲಾಗಿತ್ತು. ಮೈಸೂರು ಸಿಲ್ಕ್ ಎನ್ನುವುದು ಮೊದಲಿನಿಂದಲೂ ಕಾರ್ಖಾನೆಯ ಬಟ್ಟೆ, ಅದರಿಂದ ಅದರ ಘನತೆಗೆ ಕುಂದೇನೂ ಬಂದಿಲ್ಲ. ಅದರ ಗುಟ್ಟಿರುವುದು ಮಗ್ಗದಲ್ಲಲ್ಲ, ನೂಲಿಗೆ ಕೊಡುವ ಬಿಗಿಯಾದ ಹುರಿಯಲ್ಲಿ. ಹುರಿಗೊಂಡ ನೂಲಿನಿಂದ ನೇಯ್ದ ಬಟ್ಟೆಯ ಅಂಟನ್ನು ಕುದಿಸಿ ತೆಗೆದಾಗ ಎಳೆಗಳು ಸುಕ್ಕಿಕೊಂಡು ಕ್ರೇಪ್ ಆಗುತ್ತದೆ, ಅದರಿಂದಲೇ ಸೀರೆ ಮೈಮೇಲೆ ನೀರಿನಂತೆ ಇಳಿಯುತ್ತದೆ. ಈಗ ಆ ಕಾರ್ಖಾನೆಯನ್ನು ನಡೆಸುವ ಸರ್ಕಾರಿ ನಿಗಮವಾದ ಕೆ.ಎಸ್.ಐ.ಸಿ.ಯ ಸೀರೆಯ ಜರಿಯಲ್ಲಿ ಶೇ 65ರಷ್ಟು ಬೆಳ್ಳಿ, ಶೇ 0.65ರಷ್ಟು ಚಿನ್ನ ಇರುತ್ತದೆ, ಸೀರೆಯ ಮೇಲೆ ಗುರುತಿನ ಸಂಖ್ಯೆಯೂ ಇರುತ್ತದೆ.

ಹಾಗಾಗಿ ನನ್ನ ತಕರಾರು ವಿದ್ಯುತ್ ಮಗ್ಗದ ಮೇಲಲ್ಲ, ವಿದ್ಯುತ್ ಮಗ್ಗದ ಬಟ್ಟೆಗೆ ಕೈಮಗ್ಗದ ಬೆಲೆ ಕಟ್ಟುವವರ ಮೇಲೆ. ಕೊಂಡಿ ಹಾಕುವ ಸೆರಗು, ಮೂರು ಲಾಳಿಗಳಲ್ಲಿ ಅಂಚನ್ನೂ ಒಡಲನ್ನೂ ಹೆಣೆಯುವ ಕಂಚಿಯ ಕೊರವೈ, ಬೆರಳಿನಿಂದ ಹೂವಿನ ಎಳೆ ಸೇರಿಸುವ ಜಾಮ್ದಾನಿ, ಇವು ಕೈ ಬೇಡುವ ಕೆಲಸಗಳು. ಅವಕ್ಕೆ ಕೈಯ ಕೂಲಿ ಕೊಡಬೇಕು. ಸಾದಾ ನೇಯ್ಗೆಯ ಅಂಗಿ ಬಟ್ಟೆಯನ್ನು ನೀವು ದೊಡ್ಡಬಳ್ಳಾಪುರದ್ದೇ ಕೊಂಡರೆ ನನ್ನದೇನೂ ಅಡ್ಡಿಯಿಲ್ಲ. ನಮ್ಮ ನಗರವೇ ಅಂತಹ ಬಟ್ಟೆಯ ಊರಾಗಿತ್ತು. ಬಿನ್ನಿ ಮಿಲ್ಲು, ಮಿನರ್ವ ಮಿಲ್ಲು, ರಾಜಾ ಮಿಲ್ಲುಗಳ ಸೈರನ್ ಕೇಳಿ ಗಡಿಯಾರ ಹೊಂದಿಸಿಕೊಂಡ ತಲೆಮಾರಿನವನು ನಾನು. ಮಲ್ಲೇಶ್ವರದ ರಾಜಾ ಮಿಲ್ಲು ಇದ್ದ ಜಾಗದಲ್ಲಿ ಈಗ ಮಾಲ್ ಇದೆ, ಅಲ್ಲಿ ಎಲ್ಲೆಲ್ಲಿಯದೋ ಬಟ್ಟೆ ಸಿಗುತ್ತದೆ.

ಗುರುತಿನ ಚೀಟಿಗಳ ವಿಷಯದಲ್ಲಿ ಒಂದು ಗೊಂದಲವನ್ನು ಬಿಡಿಸಿಕೊಳ್ಳಿ. 2004ರಲ್ಲಿ ಬಂದ ಸಿಲ್ಕ್ ಮಾರ್ಕ್ ಬಟ್ಟೆ ಶುದ್ಧ ರೇಷ್ಮೆಯದೆಂದು ಮಾತ್ರ ಹೇಳುತ್ತದೆ, ಮಗ್ಗದ ಬಗ್ಗೆ ಏನನ್ನೂ ಹೇಳುವುದಿಲ್ಲ. 2006ರ ಹ್ಯಾಂಡ್‌ಲೂಮ್ ಮಾರ್ಕ್ ಕೈಮಗ್ಗದ್ದೆಂದು ಹೇಳುತ್ತದೆ, ನೂಲಿನ ಬಗ್ಗೆ ಹೇಳುವುದಿಲ್ಲ. ಭೌಗೋಳಿಕ ಸೂಚಕದ ಚಿಹ್ನೆ ಆ ಪ್ರದೇಶದ ನೋಂದಾಯಿತ ಉತ್ಪನ್ನವೆಂದು ಹೇಳುತ್ತದೆ. ಒಂದು ಚೀಟಿ ತೋರಿಸಿ ಮೂರೂ ಪ್ರಶ್ನೆಗೆ ಉತ್ತರ ಕೊಟ್ಟಂತೆ ಮಾತಾಡುವ ಅಂಗಡಿಯವರಿದ್ದಾರೆ. ಸಿಲ್ಕ್ ಮಾರ್ಕನ್ನು ನಡೆಸುವುದು ನಮ್ಮ ಊರಿನಲ್ಲೇ ಕೇಂದ್ರ ಕಚೇರಿಯುಳ್ಳ ಕೇಂದ್ರ ರೇಷ್ಮೆ ಮಂಡಳಿ. ಸಿಲ್ಕ್ ಬೋರ್ಡ್ ಎಂದರೆ ವಾಹನ ದಟ್ಟಣೆಯ ಹೆಸರೆಂದೇ ತಿಳಿದವರಿಗೆ ಇದು ಹೊಸ ವಿಷಯವಾಗಬಹುದು.

ಹತ್ತಿಹೂವು, ಜಯನಗರ

ದಿನಾ ಸಂಜೆ ಅದೇ ವೃತ್ತದಲ್ಲಿ ಅರ್ಧ ಗಂಟೆ ಕಳೆಯುವ ನನಗೆ ನಿಜವಾಗಿಯೂ ಹೊಸ ವಿಷಯವೇ! ಲಾಳಿ ಸರ್, ಅಂಗಡಿಯವರ ಬಾಯಿಮಾತನ್ನು ನಂಬದೆ ನೂಲನ್ನು ಮನೆಯಲ್ಲಿ ಪರೀಕ್ಷಿಸುವುದು ಹೇಗೆ?

ಲಾಳಿ, ಕಬ್ಬನ್‌ಪೇಟೆ

ಸೆರಗಿನ ತುದಿಯಿಂದ ಹಾಸಿನದೊಂದು, ಹೊಕ್ಕಿನದೊಂದು ಎಳೆ ತೆಗೆದು ಬೇರೆ ಬೇರೆಯಾಗಿ ಸುಟ್ಟು ನೋಡಿ. ಒಂದನ್ನು ಮಾತ್ರ ಸುಟ್ಟು ತೀರ್ಮಾನಕ್ಕೆ ಬರುವುದೇ ಎಲ್ಲರೂ ಮಾಡುವ ತಪ್ಪು. ರೇಷ್ಮೆ ಕೂದಲು ಸುಟ್ಟ ವಾಸನೆ ಬೀರಿ, ಬೆರಳಲ್ಲಿ ಪುಡಿಯಾಗುವ ಕಪ್ಪು ಬೂದಿ ಬಿಡುತ್ತದೆ. ಹತ್ತಿ ಕಾಗದದಂತೆ ಉರಿಯುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ರೇಯಾನ್ ಮರದ ತಿರುಳಿನಿಂದ ಬಂದದ್ದಾದ್ದರಿಂದ ಹತ್ತಿಯಂತೆಯೇ ಉರಿಯುತ್ತದೆ. ರೇಷ್ಮೆಯಂತೆ ಹೊಳೆಯುವ ಎಳೆ ಕಾಗದದ ವಾಸನೆ ಕೊಟ್ಟರೆ ಅದು ನಿಮ್ಮ ದಸರೆಯ ಸೀರೆಯ ಬಂಧುವೆಂದು ತಿಳಿಯಿರಿ.

ಅಳಲೆಕಾಯಿ, ಬನಶಂಕರಿ

ನಾನು ಸಣ್ಣ ಪ್ರಮಾಣದಲ್ಲಿ ನೈಸರ್ಗಿಕ ಬಣ್ಣದ ಕೆಲಸ ಮಾಡುತ್ತೇನೆ. ಕುರ್ಚಿಗೆ ನೀಲಿ ಹತ್ತಿದ ಸಂಗತಿ ಓದಿ ನಗುವೂ ಬಂತು, ಮರುಕವೂ ಆಯಿತು. ನಿಮ್ಮ ಕುರ್ತಾ ನಕಲಿಯೆಂದು ಇದರಿಂದ ಹೇಳಲಾಗದು. ನೀಲಿಗಿಡದ ಬಣ್ಣ ನೀರಿನಲ್ಲಿ ಹಾಗೆಯೇ ಕರಗುವುದಿಲ್ಲ. ಬಾನಿಯಲ್ಲಿ ಹುದುಗು ಬರಿಸಿ ಕರಗುವಂತೆ ಮಾಡಿ, ಅದರಲ್ಲಿ ಅದ್ದಿ ತೆಗೆದ ಬಟ್ಟೆ ಮೊದಲು ಹಳದಿ ಮಿಶ್ರಿತ ಹಸಿರಾಗಿದ್ದು, ಗಾಳಿ ತಾಗಿದಂತೆ ಕಣ್ಣೆದುರೇ ನೀಲಿಯಾಗುತ್ತದೆ. ಹೀಗೆ ನೀಲಿಯಾದದ್ದು ಎಳೆಯ ಒಳಗಿಗಿಂತ ಮೇಲ್ಮೈಯಲ್ಲೇ ಹೆಚ್ಚು ಕೂತಿರುತ್ತದೆ; ಆದ್ದರಿಂದ ಉಜ್ಜಿದರೆ ಬಿಡುತ್ತದೆ. ಗಾಢ ನೀಲಿಯನ್ನು ಮೂರು ನಾಲ್ಕು ಸಲ ಬೇರೆಯಾಗಿ ಒಗೆದ ಮೇಲೆಯೇ ಕಚೇರಿಗೆ ತೊಟ್ಟುಹೋಗಿ, ಬಿಳಿಯ ದುಪಟ್ಟಾ ಜೊತೆ ಬೇಡ.

ಮುದ್ರಿತ ಬಟ್ಟೆಗಳಲ್ಲಿ ‘ಕಲಂಕಾರಿ’ ಎಂಬ ಪದದಷ್ಟು ಸವೆದ ಪದ ಇನ್ನೊಂದಿಲ್ಲ. ಕಾಳಹಸ್ತಿಯದು ಬಿದಿರಿನ ಕಲಂನಿಂದ ಕೈಯಲ್ಲಿ ಬರೆಯುವ ಕಲೆ. ಮಚಲೀಪಟ್ಟಣ ಮತ್ತು ಪಕ್ಕದ ಪೆಡನದ್ದು ಮರದ ಅಚ್ಚಿನದು. ಎರಡರಲ್ಲೂ ಬಟ್ಟೆಯನ್ನು ಮೊದಲು ಅಳಲೆಕಾಯಿಯ ನೀರಿನಲ್ಲಿ ನೆನೆಸುತ್ತಾರೆ (ನನ್ನ ಹೆಸರಿನ ಮೂಲ ಇದೇ). ಕಾಳಹಸ್ತಿಯಲ್ಲಿ ಅದಕ್ಕೆ ಎಮ್ಮೆಯ ಹಾಲನ್ನೂ ಸೇರಿಸುತ್ತಾರೆ, ಇಲ್ಲವಾದರೆ ಬರೆದ ಗೆರೆ ಹರಡಿಕೊಳ್ಳುತ್ತದೆ. ತುಕ್ಕು ಹಿಡಿದ ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ ದಿನಗಟ್ಟಲೆ ಕೊಳೆಯಿಸಿದ ದ್ರಾವಣ ಆ ಅಳಲೆಯ ಒಗರಿನೊಂದಿಗೆ ಸೇರಿದಾಗ ಕಪ್ಪು ಹುಟ್ಟುತ್ತದೆ. ಪಟಿಕ ಹಚ್ಚಿದ ಜಾಗ ಮಂಜಿಷ್ಠದಂತಹ ಬೇರಿನ ಬಣ್ಣದಲ್ಲಿ ಕುದಿದಾಗ ಕೆಂಪಾಗುತ್ತದೆ. ಎಂದರೆ ಅಚ್ಚು ಒತ್ತುವುದು ಬಣ್ಣವನ್ನಲ್ಲ, ಬಣ್ಣ ಹಿಡಿಯುವ ಗುಣವನ್ನು. ಇಷ್ಟೆಲ್ಲ ಮಾಡಿದ ಬಟ್ಟೆಗೂ ಅದೇ ನಮೂನೆಯನ್ನು ಸ್ಕ್ರೀನಿನಲ್ಲಿ ಒತ್ತಿದ ಬಟ್ಟೆಗೂ ಅಂಗಡಿಯಲ್ಲಿ ಒಂದೇ ಹೆಸರು.

ಕಚ್ಛದ ಅಜ್ರಕ್ ಅನ್ನು ನಿತ್ಯದ ಉಡಿಗೆಗೆ ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಸುಣ್ಣ ಮತ್ತು ಅಂಟಿನ ಸರಿಯಿಂದ ಬಿಳಿ ಉಳಿಯಬೇಕಾದ ಜಾಗವನ್ನು ಮುಚ್ಚಿ, ಒಗೆದು, ಒಣಗಿಸಿ, ಮತ್ತೆ ಒತ್ತಿ, ಮತ್ತೆ ಒಗೆದು, ಹತ್ತಾರು ಹಂತ ದಾಟಿದ ಬಟ್ಟೆಯದು. ನಿಮ್ಮ ಮನೆಗೆ ಬರುವ ಹೊತ್ತಿಗೆ ಅದು ಅಷ್ಟು ನೀರು ಕಂಡಿರುತ್ತದೆ. ಆ ಕಸುಬಿಗೆ ನೀರೆಂಬುದು ಎಷ್ಟು ಮುಖ್ಯವೆಂದರೆ, 2001ರ ಭೂಕಂಪದ ನಂತರ ಕಚ್ಛದ ಧಮಡ್ಕಾ ಊರಿನ ನೀರು ಕೆಟ್ಟಿತೆಂದು ಈ ಕಸುಬಿನ ಹಲವು ಖತ್ರಿ ಕುಟುಂಬಗಳು ಭುಜ್ ಬಳಿ ಅಜ್ರಖಪುರವೆಂಬ ಹೊಸ ಊರನ್ನೇ ಕಟ್ಟಿಕೊಂಡವು.

ಇಕ್ಕತ್ತಿನಲ್ಲೂ ಎಚ್ಚರಿಕೆ ಬೇಕು. ಪೋಚಂಪಳ್ಳಿಯದಾಗಲಿ ಒಡಿಶಾದ ಸಂಬಲ್ಪುರಿಯಾಗಲಿ, ನೂಲನ್ನು ಕಟ್ಟಿ ಬಣ್ಣಕ್ಕದ್ದಿ ಆಮೇಲೆ ನೇಯುವುದರಿಂದ ಚಿತ್ರದ ಅಂಚು ಗರಿಯಂತೆ ಕದಡಿರುತ್ತದೆ, ಎರಡೂ ಬದಿಯಲ್ಲಿ ಬಣ್ಣ ಸಮನಾಗಿರುತ್ತದೆ. ಇಕ್ಕತ್ ‘ಪ್ರಿಂಟ್’ ಎಂದು ಕೊಡುವ ಬಟ್ಟೆಯ ಹಿಂಬದಿ ಪೇಲವವಾಗಿರುತ್ತದೆ. ಲಾಳಿಯವರ ನಾಲ್ಕನೆಯ ಪ್ರಶ್ನೆ, ಬಣ್ಣ ಕೊಟ್ಟದ್ದು ನೂಲಿಗೋ ಬಟ್ಟೆಗೋ ಎನ್ನುವುದು, ಇಲ್ಲಿ ಕೆಲಸಕ್ಕೆ ಬರುತ್ತದೆ.

ಕಿನ್ನಿಗೋಳಿ ಮಾವ, ಬಸವೇಶ್ವರನಗರ

ಕರಾವಳಿಯ ಉಡುಪಿ ಸೀರೆಯನ್ನು ಯಾರೂ ನೆನೆಯಲಿಲ್ಲ. ನಯವಾದ ಹತ್ತಿ ನೂಲು, ಚೌಕಳಿಯೋ ಸಾದಾ ಒಡಲೋ, ಸರಳವಾದ ಅಂಚು. ನಮ್ಮ ಅಮ್ಮ ಇಡೀ ಜೀವಮಾನ ಅದನ್ನೇ ಉಟ್ಟರು. ನೇಯುವವರು ಬೆರಳೆಣಿಕೆಗೆ ಇಳಿದಿದ್ದಾಗ ತಾಳಿಪಾಡಿಯ ನೇಕಾರರ ಸಹಕಾರ ಸಂಘದಲ್ಲಿ ಮತ್ತೆ ಮಗ್ಗಗಳ ಸದ್ದು ಕೇಳಿತು. ಮಾರ್ಚ್‌ನಿಂದ ಮೇವರೆಗೆ ಇದಕ್ಕಿಂತ ಹಗುರವಾದದ್ದು ಬೇಕೇ?

ಸರಳರೇಖೆ, ರಾಜಾಜಿನಗರ

ಅಂಗಿಗಳ ಪ್ರಶ್ನೆಗೆ ಉತ್ತರಿಸುತ್ತೇನೆ, ಏಕೆಂದರೆ ಗಂಡಸರ ಬೀರುವಿನ ಬಗ್ಗೆ ಯಾರಿಗೂ ಚಿಂತೆಯಿಲ್ಲ. ಖಾದಿಗೂ ಕೈಮಗ್ಗದ ಬಟ್ಟೆಗೂ ವ್ಯತ್ಯಾಸವಿದೆ: ಕೈಯಲ್ಲಿ ನೂತ ನೂಲಿನಿಂದ ಕೈಮಗ್ಗದಲ್ಲಿ ನೇಯ್ದದ್ದು ಖಾದಿ, ಗಿರಣಿಯ ನೂಲಿನಿಂದ ನೇಯ್ದದ್ದು ಕೈಮಗ್ಗದ ಬಟ್ಟೆ. ಖಾದಿಯ ನೂಲು ಒಂದೇ ಸಮನಾಗಿರುವುದಿಲ್ಲ, ಆ ಏರುಪೇರಿನ ನಡುವೆ ಗಾಳಿಯಾಡುತ್ತದೆ, ಹತ್ತು ಒಗೆತದ ನಂತರ ಅದು ಮೈಗೆ ಹತ್ತಿರವಾಗುತ್ತದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ತಯಾರಿಸುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವಿರುವ ನಾಡಿನವರು ಒಂದು ಖಾದಿ ಅಂಗಿಯನ್ನಾದರೂ ಇಟ್ಟುಕೊಳ್ಳಬೇಡವೇ? ನನ್ನ ಬಳಿ ಆರಿವೆ. ಎರಡು ಆಂಧ್ರದ ಮಂಗಳಗಿರಿಯ ಸಾದಾ ಹತ್ತಿಯವು, ಒಂದು ಹೆಗ್ಗೋಡಿನ ‘ಚರಕ’ ಸಹಕಾರ ಸಂಘದ ಮಹಿಳೆಯರು ಅಡಿಕೆ ಚೊಗರಿನಲ್ಲಿ ಬಣ್ಣ ಕೊಟ್ಟದ್ದು, ಉಳಿದ ಮೂರು ಖಾದಿ. ಹೊಲಿಸುವ ಮುನ್ನ ಬಟ್ಟೆಯನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸಿ. ನಾನು ಹಾಗೆ ಮಾಡದ ಮೊದಲ ಅಂಗಿಯನ್ನು ಈಗ ನನ್ನ ಮಗ ತೊಡುತ್ತಿದ್ದಾನೆ.

ಗಿರಿನಗರದ ಅಜ್ಜಿ

ಕೊಳ್ಳುವ ಮಾತು ಸಾಕಷ್ಟಾಯಿತು, ಇಟ್ಟುಕೊಳ್ಳುವ ಮಾತನ್ನು ನಾನು ಹೇಳುತ್ತೇನೆ ಮಗಳೇ. ಮೇಲಿನ ಅರೆಯಲ್ಲಿ ಪಂಚೆಯೊಳಗೆ ಸುತ್ತಿಟ್ಟಿರುವುದು ಸರಿಯಾಗಿದೆ, ಪ್ಲಾಸ್ಟಿಕ್ ಚೀಲಕ್ಕೆ ಹಾಕಬೇಡ. ಆದರೆ ಮಡಿಕೆಯನ್ನು ಮೂರು ನಾಲ್ಕು ತಿಂಗಳಿಗೊಮ್ಮೆ ಬದಲಿಸು, ಇಲ್ಲವಾದರೆ ಜರಿ ಅದೇ ಗೆರೆಯಲ್ಲಿ ಮುರಿಯುತ್ತದೆ. ನುಸಿಗುಳಿಗೆಯನ್ನು ಜರಿಗೆ ತಾಗಿಸಬಾರದು, ಬೆಳ್ಳಿ ಕಪ್ಪಾಗುತ್ತದೆ. ಒಣಗಿದ ಬೇವಿನೆಲೆಯನ್ನೋ ಲವಂಗವನ್ನೋ ತೆಳುಬಟ್ಟೆಯಲ್ಲಿ ಕಟ್ಟಿಡು. ಗಂಜಿ ಹಾಕಿದ ಹತ್ತಿ ಸೀರೆಯನ್ನು ತಿಂಗಳುಗಟ್ಟಲೆ ಇಡುವುದಾದರೆ ಗಂಜಿ ತೊಳೆದು ಇಡು, ಬೆಳ್ಳಿಹುಳುವಿಗೆ ಗಂಜಿಯೇ ಊಟ. ಆಷಾಢ ಶ್ರಾವಣದ ಜಡಿಮಳೆಯಲ್ಲಿ ಬೀರು ಬಿಚ್ಚಿ ಗಾಳಿಗೆ ಹಾಕಬೇಡ, ದಸರೆ ಕಳೆದು ಬಿಸಿಲು ಬಂದಾಗ ನೆರಳಿನಲ್ಲಿ ಹರವು. ಇನ್ನೊಂದು ಮಾತು, ಹೊಸ ಬಣ್ಣದ ಸೀರೆಯನ್ನು ಮೊದಲ ಸಲ ಕಲ್ಲುಪ್ಪಿನ ನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ.

ಅಳಲೆಕಾಯಿ, ಬನಶಂಕರಿ

ಅಜ್ಜಿ, ನಿಮ್ಮ ಬೇರೆ ಮಾತುಗಳಿಗೆಲ್ಲ ತಲೆಬಾಗುತ್ತೇನೆ, ಉಪ್ಪಿನ ವಿಷಯದಲ್ಲಿ ಮಾತ್ರ ಸಣ್ಣ ತಕರಾರಿದೆ. ಬಣ್ಣ ಹಾಕುವ ಹಂತದಲ್ಲಿ ಉಪ್ಪು ಹತ್ತಿಗೆ ಬಣ್ಣ ಸೇರಲು ನೆರವಾಗುತ್ತದೆ, ನೆನೆಸಿದ ನೀರಿನಲ್ಲಿದ್ದಾಗ ಬಣ್ಣ ಹೊರಬರುವುದನ್ನು ತುಸು ತಡೆಯಲೂಬಹುದು. ಆದರೆ ಸರಿಯಾಗಿ ಹಿಡಿಯದ ಬಣ್ಣವನ್ನು ಅದು ಶಾಶ್ವತವಾಗಿ ನಿಲ್ಲಿಸಲಾರದು, ಮುಂದಿನ ಒಗೆತದಲ್ಲಿ ಬಿಡುವುದು ಬಿಟ್ಟೇ ಬಿಡುತ್ತದೆ. ನೈಸರ್ಗಿಕ ಬಣ್ಣಕ್ಕೆ ಮುಖ್ಯವಾದದ್ದು ಖಾರವಾದ ಸೋಪಿನ ಪುಡಿಯನ್ನು ದೂರವಿಡುವುದು. ಅಂಟುವಾಳದ ಕಾಯಿ ಸಾಕು.

ಗಿರಿನಗರದ ಅಜ್ಜಿ

ಅಂಟುವಾಳದ ವಿಷಯದಲ್ಲಿ ನಿನ್ನ ಮಾತಿಗೆ ನನ್ನ ಪೂರ್ಣ ಸಮ್ಮತಿಯಿದೆ. ಉಪ್ಪನ್ನು ಮಾತ್ರ ನಾನು ಐವತ್ತು ವರ್ಷದಿಂದ ಹಾಕುತ್ತಿದ್ದೇನೆ, ಇನ್ನು ಮುಂದೆಯೂ ಹಾಕುತ್ತೇನೆ.

ಹತ್ತಿಹೂವು, ಜಯನಗರ

ಮೂರು ವಾರಗಳ ನಂತರ ಮತ್ತೆ ಬರೆಯುತ್ತಿದ್ದೇನೆ. ಎಲ್ಲರ ಸಲಹೆಯನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಕಳೆದ ಶನಿವಾರ ಕೈಮಗ್ಗದ ಮಳಿಗೆಯೊಂದಕ್ಕೆ ಹೋದೆ. ಸೀರೆ ತೋರಿಸುತ್ತಿದ್ದ ಹುಡುಗನನ್ನು ‘ಇದರ ಹಾಸು ಯಾವುದಪ್ಪ’ ಎಂದು ಕೇಳಿದಾಗ ಅವನು ಎರಡು ಕ್ಷಣ ನನ್ನನ್ನೇ ನೋಡಿ, ಒಳಗಿನಿಂದ ಹಿರಿಯರೊಬ್ಬರನ್ನು ಕರೆದುಕೊಂಡು ಬಂದ. ಅವರು ನನ್ನ ಮುಂದೆ ಹರಡಿದ್ದ ಸೀರೆಗಳಲ್ಲಿ ಅರ್ಧವನ್ನು ತಾವೇ ಪಕ್ಕಕ್ಕೆ ಸರಿಸಿ, ಕಪಾಟಿನ ಕೆಳಗಿನ ಸಾಲಿನಿಂದ ಬೇರೆ ನಾಲ್ಕನ್ನು ತೆಗೆದರು. ಒಂದರ ಸೆರಗಿನ ಗೆರೆಯ ಮೇಲೆ ಬೆರಳಾಡಿಸಿದೆ. ಬಾಗಲಕೋಟೆಯವರು ಹೇಳಿದ್ದ ಆ ಸಣ್ಣ ಉಬ್ಬು ತಾಕಿತು. ಹತ್ತಿಗೆ ಹತ್ತಿ, ದಾಳಿಂಬೆ ಕೆಂಪಿನ ಒಡಲು, ಗೋಮಿ ಅಂಚು. ಶುದ್ಧ ರೇಷ್ಮೆಯೆಂದು ನಾನು ಮೋಸಹೋದ ಸೀರೆಗೆ ಕೊಟ್ಟಿದ್ದಕ್ಕಿಂತ ಕಡಿಮೆ ಬೆಲೆಗೆ ಬಂತು.

ಅದಲ್ಲದೆ ಎರಡು ಕುರ್ತಾಗಳಿಗಾಗುವಷ್ಟು ಮಂಗಳಗಿರಿ ಬಟ್ಟೆ, ಯಜಮಾನರಿಗೆ ಖಾದಿಯ ಅಂಗಿಬಟ್ಟೆ, ಮತ್ತೊಂದು ಅಜ್ರಕ್ ದುಪಟ್ಟಾ ಕೊಂಡೆ. ಎಂಟು ಹತ್ತರ ಲೆಕ್ಕ ಈ ವರ್ಷಕ್ಕೆ ಇಷ್ಟೇ ಆಗಲಿ ಎಂದುಕೊಂಡಿದ್ದೇನೆ. ಮೈಸೂರು ಸಿಲ್ಕ್ ಅಮ್ಮನದೇ ಎರಡಿವೆ, ಅವನ್ನು ಅರೆಯಿಂದ ಇಳಿಸಿ ತಿಂಗಳಿಗೊಂದು ಸಲ ಶುಕ್ರವಾರ ಉಡಲು ಆರಂಭಿಸಿದ್ದೇನೆ. ನಾಳೆ ಇಳಕಲ್ ಸೀರೆಯನ್ನು ಫಾಲ್ ಹಾಕಿಸಲು, ಕುಚ್ಚು ಕಟ್ಟಿಸಲು ಕೊಡಬೇಕು. ಗಮನಿಸಬೇಕಾದದ್ದೇನಾದರೂ ಇದೆಯೇ?

ಬಾಗಲಕೋಟೆಯವಳು, ವಿಜಯನಗರ

ಇದೆ ಅಕ್ಕಾ. ಫಾಲ್ ಹತ್ತಿಯದೇ ಇರಲಿ, ಅದನ್ನು ಮೊದಲು ನೀರಿನಲ್ಲಿ ನೆನೆಸಿ ಒಣಗಿಸಿ ಕೊಡಿ. ಇಲ್ಲವಾದರೆ ಮೊದಲ ಒಗೆತಕ್ಕೆ ಅದು ಕುಗ್ಗಿ ಸೀರೆಯ ಅಂಚು ನಿರಿಗೆಗಟ್ಟುತ್ತದೆ. ಕುಚ್ಚಿಗೆ ಬೇರೆ ರೇಷ್ಮೆ ದಾರ ಸೇರಿಸುವುದು ಬೇಡವೆನ್ನಿ. ಸೆರಗಿನ ತುದಿಯಲ್ಲಿ ಬಿಟ್ಟಿರುವ ಕೆಂಪು ಹಾಸಿನ ಎಳೆಗಳಿಂದಲೇ ಕಟ್ಟಬಹುದು, ಆ ಎಳೆಗಳನ್ನು ಕತ್ತರಿಸಬಾರದೆಂದು ಎರಡು ಸಲ ಹೇಳಿ. ಇಲ್ಲಿಯ ಹಲವರು ಒಪ್ಪವಾಗಿ ಕಾಣಲೆಂದು ಮೊದಲು ಕತ್ತರಿಯನ್ನೇ ಎತ್ತಿಕೊಳ್ಳುತ್ತಾರೆ.